ಹನ್ನೊಂದು ಸೆಕೆಂಡು

ಸಾಕಿನಾಕಾದ ಗಲ್ಲಿ, ಗಲ್ಲಿಯೊಳಗೊಂದು ಮಾಳಿಗೆ,
ಮಾಳಿಗೆಯ ಮೇಲೆ ಕಿಟಕಿಯೇ ಇಲ್ಲದ ಕೋಣೆ.
ಅಲ್ಲಿ ನನ್ನ ಕೆಲಸ:
ಪರದೆಯ ಮೇಲಿನವರು ನಡೆದರೆ
ಅವರ ಕಾಲಿಗೆ ಸದ್ದು ಕೊಡುವುದು.
ಹಪ್ಪಳ ಮುರಿದರೆ ಮೂಳೆ,
ಜೋಳದ ಹಿಟ್ಟಿನ ಚೀಲ ಹಿಸುಕಿದರೆ ಹಿಮ.
ಹಿಮ ನಾನು ಕಂಡಿಲ್ಲ. ಆದರೂ ನನ್ನ ಹಿಮದ ಮೇಲೆ
ಎಷ್ಟೋ ನಾಯಕರು ಓಡಿ ಹೋಗಿದ್ದಾರೆ.

ಆ ದಿನ ಬಂದದ್ದು ಸಣ್ಣ ದೃಶ್ಯ.
ಹೆಸರಿಲ್ಲದ ಒಬ್ಬ ಮುದುಕಿ
ರೇಷ್ಮೆ ಸೀರೆ ಮಡಚಿ ಟ್ರಂಕಿನಲ್ಲಿಡುತ್ತಾಳೆ.
ಮಾತಿಲ್ಲ, ವಾದ್ಯವಿಲ್ಲ,
ಮುಖವೂ ಇಲ್ಲ, ಕೈ ಮಾತ್ರ.

"ರೇಷ್ಮೆಗೆ ನಲವತ್ತು ಸದ್ದಿವೆ ನಮ್ಮ ಹತ್ತಿರ" ಎಂದ ಗಾವಡೆ,
ಕಂಪ್ಯೂಟರಿನಲ್ಲಿ ಪಟ್ಟಿ ಉರುಳಿಸುತ್ತ.
ಮೆತ್ತನೆಯದು, ಮಿರುಗುವಂಥದು, ಮದುವೆಮನೆಯದು, ಗಾಳಿಯದು.
ಎಲ್ಲ ಕೇಳಿದೆ. ಎಲ್ಲ ಸರಿಯಾಗಿಯೇ ಇದ್ದವು,
ಅಳತೆ ಕೊಟ್ಟು ಹೊಲಿಸಿದ
ಬೇರೆಯವರ ರವಿಕೆಯ ಹಾಗೆ.

ಹೊಟ್ಟೆಯೊಳಗೆ ಏನೋ ಬೇಡ ಅಂದಿತು.
ಯಾಕೆ ಬೇಡ ಅಂತ ಅದನ್ನು ಕೇಳಬಾರದು.
ಕೇಳಿದರೆ ನಾಚಿ ಒಳಗೋಡುತ್ತದೆ,
ನೆಂಟರ ಮನೆಗೆ ಬಂದ ಕೂಸಿನ ಹಾಗೆ.
ಸುಮ್ಮನೆ ಅದರ ಪಕ್ಕದಲ್ಲಿ ಕೂತೆ. ಚಹಾ ಆರಿತು.

ಆಮೇಲೆ ಬೆಳ್ಳುಳ್ಳಿ ವಾಸನೆ ಬಂತು.
ಎಲ್ಲಿಂದ ಬಂತೋ, ಬಾಗಿಲಿಗೆಲ್ಲ ಸ್ಪಂಜು ಬಡಿದ ಕೋಣೆ.

ಕುರ್ಲಾದ ಖೋಲಿಯಲ್ಲಿ ಅವ್ವ
ಹೋಟೆಲಿನವರ ಬೆಳ್ಳುಳ್ಳಿ ಸುಲಿಯುತ್ತಿದ್ದಳು, ಕಿಲೋಗೆ ಇಷ್ಟೆಂದು.
ಇಂಡಿಯ ಹೊಲಗಳು ಅಳಿಸದೆ ಬಿಟ್ಟ
ಹೆಬ್ಬೆಟ್ಟಿನ ಗೆರೆಗಳನ್ನು
ಬೆಳ್ಳುಳ್ಳಿಯ ಖಾರ ತಿಂದು ಮುಗಿಸಿತ್ತು.
ರೇಶನ್ ಅಂಗಡಿಯ ಮಷೀನು
ಮೂರು ಸಲ ಒತ್ತಿಸಿಕೊಂಡು ನೀನಲ್ಲ ಅಂದಿತ್ತು.
"ನಾ ಅಲ್ಲಂದ್ರ ಮತ್ಯಾರಂತ ಕೇಳ ಅದನ್ನ, ನೀಲವ್ವಾ"
ಅಂತ ನನ್ನ ಕಡೆ ತಿರುಗಿದ್ದಳು,
ನಾನು ಮಷೀನಿನ ಭಾಷೆ ಬಲ್ಲವಳೆಂಬಂತೆ.

ಅಂಥ ಬೆರಳಿನಿಂದ ವರ್ಷಕ್ಕೊಮ್ಮೆ
ಇದ್ದ ಒಂದೇ ರೇಷ್ಮೆ ಸೀರೆಯನ್ನು
ಬಿಸಿಲಿಗೆ ಹಾಕಿ ಮಡಚುವಾಗ
ಒಡೆದ ಚರ್ಮ ಎಳೆಗೆ ಸಿಕ್ಕುತ್ತಿತ್ತು.
ಚರ್. ತಡೆದು, ಮತ್ತೆ ಚರ್.
ಪ್ರತಿ ಸಲವೂ ತುಟಿ ಕಚ್ಚುತ್ತಿದ್ದಳು.
ಬೆರಳು ನೊಂದಿತೆಂದಲ್ಲ,
ಎಳೆ ಹೋಯಿತೆಂದು.

ನನ್ನ ಹೆಬ್ಬೆಟ್ಟು ನುಣುಪು, ಕ್ರೀಮು ಕಂಡದ್ದು.
ಹಿಂದಿನ ಮೆಟ್ಟಿಲಿಗೆ ಹೋಗಿ
ಸಿಮೆಂಟಿಗೆ ತಿಕ್ಕಿದೆ, ಕೆಂಪಾಗಿ ಸಿಬಿರೇಳುವ ತನಕ.
ಒಳಗೆ ಬಂದು ಮೈಕಿನ ಮುಂದೆ ಸೀರೆ ಮಡಚಿದೆ.

ಗಾವಡೆ ನಿಲ್ಲಿಸಿದ. "ಏನೋ ಸಿಕ್ಕಿಕೊಳ್ಳುತ್ತಿದೆ, ತೆಗೆದುಬಿಡಲಾ?"
"ಅದನ್ನು ತೆಗೆದರೆ ಉಳಿಯುವುದು ಸೀರೆ."
ಹೇಳಿದ ಮೇಲೆಯೇ ನನಗೂ ಗೊತ್ತಾದದ್ದು.
ಅವನು ಇನ್ನೊಮ್ಮೆ ಕೇಳಿದ. ಏನೂ ಅನ್ನಲಿಲ್ಲ.
ನಲವತ್ತರಲ್ಲೊಂದನ್ನೂ ಇಟ್ಟುಕೊಂಡ, ಇದನ್ನೂ ಇಟ್ಟುಕೊಂಡ.
"ಇದಕ್ಕೆ ಹೆಸರು?"
"ಲಸುಣ್ ಅಂತ ಬರಿ."
ಬರೆದ. ಯಾಕೆಂದು ಕೇಳದೆ ಬರೆದ. ಅವನ ದೊಡ್ಡ ಗುಣ ಅದು.

ಹೊಟ್ಟೆ ಯಾವಾಗಲೂ ನಿಜ ಹೇಳುತ್ತದೆ ಅಂತಲ್ಲ.
ಹೋದ ಮಳೆಗಾಲ ಅದರ ಮಾತು ಕೇಳಿ
ಕೋಟೆಯ ಬಾಗಿಲಿಗೆ ಆಡಿನ ದನಿ ಸೇರಿಸಿ
ಇಡೀ ಸ್ಟುಡಿಯೋ ನಗುವಂತಾಗಿತ್ತು.
ಇವತ್ತಿಗೂ ಕಂಡರೆ ಮ್ಯಾ ಅನ್ನುತ್ತಾರೆ.
ಆದರೂ ಅದು ಕರೆದರೆ ಏಳುತ್ತೇನೆ.
ನಿದ್ದೆಗಣ್ಣಲ್ಲೇ, ಚಪ್ಪಲಿ ಹುಡುಕದೆ.

ಸಿನಿಮಾ ಬಂತು. ಘಾಟ್‌ಕೋಪರಿನಲ್ಲಿ ಟಿಕೆಟು ಕೊಂಡು ಕೂತೆ.
ಆ ಕೈ ಬಂತು, ಸೀರೆ ಬಂತು,
ಹಿಂದಿನ ಸಾಲಿನವನು ಸರಿಯಾಗಿ ಆಗಲೇ
ಚಿಪ್ಸಿನ ಪೊಟ್ಟಣ ಹರಿದ.
ಹನ್ನೊಂದು ಸೆಕೆಂಡು ಹರಿದೇ ಹರಿದ.
ಯಾವ ಸದ್ದು ಇಟ್ಟರೋ ತಿಳಿಯಲಿಲ್ಲ.
ಗಾವಡೆಗೆ ಫೋನು ಮಾಡಬಹುದಿತ್ತು. ಮಾಡಲಿಲ್ಲ.

ವಾಪಸು ಲೋಕಲಿನಲ್ಲಿ ಬಾಗಿಲ ಬಳಿ ನಿಂತು
ಗಾಳಿಗೆ ಹಾರುವ ಸೆರಗನ್ನು ಹಿಡಿದೆ.
ಗಾಲಿಗಳು, ಭಜನೆಯ ಗುಂಪು, ಕಡಲೆಯವಳ ಕೂಗು.
ಅಷ್ಟರ ನಡುವೆ
ಬೆರಳು ಎಳೆಗೆ ಸಿಕ್ಕಿತು.

ಕೇಳಿಸಿತು.